ಕಡಲ ನಡುವಿನ ಜ್ವಾಲಾಮುಖಿಗೆ ಯಾರು ಬಂದರು?

(ಮೈಸೂರಿನಲ್ಲಿ ಪ್ರಕೃತಿ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲಿನ ಚಿತ್ರ ತೋರಿಸುತ್ತ ಆಡಿದ ಮಾತುಗಳನ್ನು ಓದಿಗೆ ಹೊಂದುವಂತೆ ಬದಲಿಸಿದ್ದೇನೆ. ಪ್ರಶ್ನೋತ್ತರದಲ್ಲಿ ಕೆಲವನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗಲೇ ಒಬ್ಬರು ತಡೆದು ಕೇಳಿದರು, "ಸಾರ್, ನಮ್ಮ ಚಾಮುಂಡಿ ಬೆಟ್ಟ ಹಿಂದೆ ಜ್ವಾಲಾಮುಖಿ ಆಗಿತ್ತಂತೆ, ನಿಜವಾ?" ಮೈಸೂರಿನಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ನಿಜವಲ್ಲ. ಬೆಟ್ಟ ಗ್ರಾನೈಟಿನದು. ಸುಮಾರು 80 ಕೋಟಿ ವರ್ಷಗಳ ಹಿಂದೆ ಕರಗಿದ ಕಲ್ಲು ನೆಲದ ಒಳಗೇ, ಬಹಳ ಆಳದಲ್ಲಿ, ನಿಧಾನವಾಗಿ ಆರಿ ಗಟ್ಟಿಯಾಯಿತು. ಮೇಲಿನ ನೆಲ ಸವೆದು ಹೋದ ಮೇಲೆ ಅದು ಹೊರಗೆ ಕಾಣಿಸಿಕೊಂಡಿದೆ. ಮುಂದಿನ ಸಲ ಮೆಟ್ಟಿಲು ಹತ್ತುವಾಗ ಪಕ್ಕದ ಬಂಡೆಯನ್ನು ಹತ್ತಿರದಿಂದ ನೋಡಿ. ಗುಲಾಬಿ, ಬೂದು, ಕಪ್ಪು ಹರಳುಗಳು ಬಿಡಿಬಿಡಿಯಾಗಿ ಕಣ್ಣಿಗೆ ಕಾಣುತ್ತವೆ. ಹೊರಗೆ ಉಕ್ಕಿ ಗಾಳಿಗೋ ನೀರಿಗೋ ತಾಗಿ ಆರುವ ಲಾವಾದಲ್ಲಿ ಹರಳು ಅಷ್ಟು ದಪ್ಪ ಬೆಳೆಯಲು ಪುರುಸೊತ್ತೇ ಇರುವುದಿಲ್ಲ.

ಲಾವಾ ನೋಡಬೇಕಾದರೆ ನಮ್ಮ ರಾಜ್ಯದಲ್ಲೇ ಉತ್ತರಕ್ಕೆ ಹೋಗಬೇಕು. ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪು ಎರೆಭೂಮಿ ಹೆಚ್ಚಿನ ಪಾಲು ಲಾವಾ ಸವೆದು ಆದ ಮಣ್ಣು. ಗೋಳಗುಮ್ಮಟದ ಕಪ್ಪು ಕಲ್ಲು ಕೂಡ ಅದೇ ಲಾವಾ ಆರಿ ಆದದ್ದು, ಬಸಾಲ್ಟ್ ಅನ್ನುತ್ತಾರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಆ ಲಾವಾ ಇವತ್ತಿಗೂ ಐದು ಲಕ್ಷ ಚದರ ಕಿಲೋಮೀಟರಿನಷ್ಟು ಜಾಗವನ್ನು ಮುಚ್ಚಿಕೊಂಡಿದೆ. ಅದನ್ನು ಉಕ್ಕಿಸಿದ ಬೆಂಕಿ ಇನ್ನೂ ಆರಿಲ್ಲ ಎಂಬುದೇ ನನಗೆ ಸೋಜಿಗ. ಭೂವಿಜ್ಞಾನಿಗಳ ಪ್ರಕಾರ ಅದು ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ. ಅಲ್ಲಿನ ಪಿಟೋನ್ ದ ಲಾ ಫೂರ್ನೇಸ್ ಜ್ವಾಲಾಮುಖಿ ಜಗತ್ತಿನಲ್ಲಿ ಅತಿ ಹೆಚ್ಚು ಸಲ ಉಕ್ಕುವವುಗಳಲ್ಲಿ ಒಂದು.

ಒಲೆ ಹೆಚ್ಚುಕಡಿಮೆ ಇದ್ದಲ್ಲೇ ಇದೆ, ಮೇಲಿನ ಕಾವಲಿ ಸರಿದಿದೆ. ಭಾರತವನ್ನು ಹೊತ್ತ ಭೂಫಲಕ ಉತ್ತರಕ್ಕೆ ಸಾಗಿದಂತೆ ಆ ಬಿಸಿ ಜಾಗ ಒಂದರ ಹಿಂದೊಂದು ಜ್ವಾಲಾಮುಖಿಯನ್ನು ಎಬ್ಬಿಸುತ್ತ ಹೋಯಿತು. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್, ಮಾರಿಷಸ್, ಕೊನೆಗೆ ರಿಯೂನಿಯನ್. ನಕಾಶೆ ತೆಗೆದು ಬೆರಳಿಟ್ಟು ನೋಡಿ, ಸಾಲು ಗೊತ್ತಾಗುತ್ತದೆ. ಲಕ್ಷದ್ವೀಪಕ್ಕೆ ಹೋಗಿ ಬಂದವರು "ಅಲ್ಲಿ ಬರೀ ಬಿಳಿ ಮರಳು, ಹವಳ, ಕಲ್ಲೇ ಇಲ್ಲವಲ್ಲ" ಅನ್ನಬಹುದು. ಕಲ್ಲು ಕೆಳಗಿದೆ. ಹುಟ್ಟಿದ ಜ್ವಾಲಾಮುಖಿ ತಣ್ಣಗಾಗುತ್ತ, ತನ್ನ ಭಾರಕ್ಕೆ ತಾನೇ ಕುಸಿಯುತ್ತ ಮುಳುಗುತ್ತದೆ. ಅದರ ಅಂಚಿಗೆ ಅಂಟಿದ ಹವಳ ಬೆಳಕಿಗಾಗಿ ಮೇಲೆ ಮೇಲೆ ಬೆಳೆಯುತ್ತದೆ. ಬೆಟ್ಟ ಪೂರ್ತಿ ಮುಳುಗಿದ ಮೇಲೆ ಹವಳದ ಬಳೆಯೊಂದೇ ನೀರಿನ ಮೇಲೆ ಉಳಿಯುತ್ತದೆ. ಹೀಗಿರಬಹುದೆಂದು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಬರೆದ. 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ಹವಳದ್ವೀಪದಲ್ಲಿ ಕೊರೆದು ನೋಡಿದಾಗ ಒಂದು ಕಿಲೋಮೀಟರಿಗೂ ಹೆಚ್ಚು ಹವಳದ ಸುಣ್ಣಕಲ್ಲು, ಅದರಡಿ ಬಸಾಲ್ಟ್ ಸಿಕ್ಕಿತು. ನೂರಹತ್ತು ವರ್ಷ ಕಾಯಬೇಕಾಯಿತು, ಆದರೆ ಮಾತು ಸರಿಯಿತ್ತು.

ಇಷ್ಟು ಕಲ್ಲಿನ ಕಥೆ. ಇವತ್ತು ನಾನು ಮಾತಾಡಬೇಕೆಂದು ಬಂದಿದ್ದು ಅದರ ಮೇಲೆ ಯಾರು ಬಂದು ನೆಲೆಸಿದರು ಎನ್ನುವುದರ ಬಗ್ಗೆ. ಜ್ವಾಲಾಮುಖಿ ದ್ವೀಪ ಅಂದಕೂಡಲೇ ಟಿವಿಯವರು ಬೆಂಕಿಯನ್ನೇ ತೋರಿಸುತ್ತಾರೆ. ಬೆಂಕಿ ಕೆಲವು ತಿಂಗಳು ಇರುತ್ತದೆ. ಬಂದವರ ಲೆಕ್ಕ ಲಕ್ಷಾಂತರ ವರ್ಷ ನಡೆಯುತ್ತದೆ.

ನಮಗೆ ಹತ್ತಿರದ ನಡುಗಡ್ಡೆ ರಂಗನತಿಟ್ಟು. ಕಾವೇರಿಗೆ ಹಳೆಯ ಕಾಲದಲ್ಲಿ ಒಡ್ಡು ಕಟ್ಟಿದ್ದರಿಂದ ಉಂಟಾದ ತಿಟ್ಟುಗಳು, 1940ರಿಂದ ಪಕ್ಷಿಧಾಮ. ಅಲ್ಲಿಗೆ ಯಾರು ಬೇಕಾದರೂ ಬರಬಹುದು. ದಡ ಕೂಗಳತೆ ದೂರ. ಮೊಸಳೆ ಈಜುತ್ತದೆ, ಹಾವು ಈಜುತ್ತದೆ, ಹೊಳೆ ತುಂಬಿದಾಗ ಬೀಜ ತಾನಾಗಿ ಬಂದು ಅಂಟುತ್ತದೆ. ಹಾಗಾಗಿ ಅಲ್ಲಿ ಇರುವುದೆಲ್ಲ ದಡದಲ್ಲೂ ಇರುತ್ತದೆ. ಇದೇ ತಿಟ್ಟನ್ನು ಎತ್ತಿ ಸಾವಿರ ಕಿಲೋಮೀಟರ್ ಉಪ್ಪುನೀರಿನ ಆಚೆ ಇಟ್ಟರೆ? ಅಲ್ಲಿಂದ ಆಟವೇ ಬೇರೆ.

ಹಾಗೆ ಬರಿದಾದ ದ್ವೀಪವೊಂದು ಹುಟ್ಟಿದ್ದನ್ನು ಮನುಷ್ಯರು ಕಣ್ಣಾರೆ ಕಂಡಿದ್ದಾರೆ. 1963ರ ನವೆಂಬರ್ 14ರ ಬೆಳಗ್ಗೆ ಐಸ್‌ಲ್ಯಾಂಡಿನ ದಕ್ಷಿಣದ ಕಡಲಿನಲ್ಲಿ ಮೀನು ಹಿಡಿಯುತ್ತಿದ್ದ ದೋಣಿಯ ಅಡುಗೆಯವನಿಗೆ ದೂರದಲ್ಲಿ ಹೊಗೆ ಕಂಡಿತು. ಯಾವುದೋ ಹಡಗಿಗೆ ಬೆಂಕಿ ಬಿದ್ದಿದೆ ಎಂದುಕೊಂಡು ದೋಣಿಯವರು ಹತ್ತಿರ ಹೋದರೆ ಸಮುದ್ರವೇ ಕುದಿಯುತ್ತಿತ್ತು. ಸುಮಾರು 130 ಮೀಟರ್ ಆಳದ ಕಡಲತಳದಿಂದ ಜ್ವಾಲಾಮುಖಿ ಏಳುತ್ತಿತ್ತು. ಒಂದೆರಡು ದಿನದಲ್ಲಿ ನೀರಿನ ಮೇಲೆ ನೆಲ ಕಾಣಿಸಿತು. ಹೆಸರು ಸರ್ಟ್ಸೆ. 1967ರ ಜೂನ್‌ನಲ್ಲಿ ಉಕ್ಕುವುದು ನಿಂತಾಗ 2.7 ಚದರ ಕಿಲೋಮೀಟರ್ ಇತ್ತು. ಅಲೆ ಕೊರೆದು ಕೊರೆದು ಈಗ ಅರ್ಧದಷ್ಟಾಗಿದೆ.

ಇಂಥ ಹೊಸ ದ್ವೀಪಗಳಲ್ಲಿ ಎಷ್ಟೋ ಉಳಿಯುವುದೇ ಇಲ್ಲ. ನೀರಿಗೂ ಲಾವಾಕ್ಕೂ ಮುಖಾಮುಖಿಯಾದಾಗ ಸಿಡಿದು ಬೀಳುವುದು ಬರೀ ಬೂದಿ. ಬೂದಿಯ ಗುಡ್ಡವನ್ನು ಕಡಲು ಒಂದೆರಡು ಚಳಿಗಾಲದಲ್ಲಿ ತಿಂದು ಮುಗಿಸುತ್ತದೆ. ಸರ್ಟ್ಸೆಯನ್ನು ಎರಡು ಸಂಗತಿ ಉಳಿಸಿದವು. 1964ರಲ್ಲಿ ಬಾಯಿ ನೀರಿನಿಂದ ಮೇಲಕ್ಕೆ ಬಂದು ನಿಜವಾದ ಲಾವಾ ಹರಿದು ಬೂದಿಯ ಮೇಲೆ ಗಟ್ಟಿ ಹೊದಿಕೆ ಹಾಕಿತು. ಆಮೇಲೆ ಒಳಗಿನ ಬಿಸಿನೀರು, ಹಬೆ ಸೇರಿ ಸಡಿಲ ಬೂದಿಯನ್ನೇ ಕಲ್ಲಾಗಿಸಿತು. ಟೋಂಗಾದ ಬಳಿ 2015ರಲ್ಲಿ ಎದ್ದು ನಿಂತ ಹುಂಗಾ ಟೋಂಗಾದ ಹೊಸ ನೆಲಕ್ಕೆ ಆ ಭಾಗ್ಯ ಇರಲಿಲ್ಲ. ಅಲ್ಲಿ ಹುಲ್ಲು ಚಿಗುರಿತ್ತು, ಹಕ್ಕಿ ಗೂಡು ಕಟ್ಟಿದ್ದವು. 2022ರ ಜನವರಿ 15ರ ಸ್ಫೋಟದಲ್ಲಿ ಎಲ್ಲ ಹೋಯಿತು.

ಸರ್ಟ್ಸೆಗೆ ವಿಜ್ಞಾನಿಗಳನ್ನು ಬಿಟ್ಟರೆ ಯಾರಿಗೂ ಪ್ರವೇಶವಿಲ್ಲ. ಹೋಗುವವರೂ ಬೂಟು, ಜೇಬು ಝಾಡಿಸಿ ಒಂದು ಬೀಜವೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಇಳಿಯಬೇಕು. ಹೀಗಿದ್ದೂ ಒಮ್ಮೆ ಅಲ್ಲಿನ ಲಾವಾದ ನಡುವೆ ಟೊಮೆಟೊ ಗಿಡ ಹುಟ್ಟಿತು. ಟೊಮೆಟೊ ಹೇಗೆ ಕಡಲು ದಾಟಿತೆಂದು ಹುಡುಕಿದರೆ, ಯಾರೋ ಒಬ್ಬ ಪುಣ್ಯಾತ್ಮ ಹೊಟ್ಟೆ ತಡೆಯಲಾರದೆ ಬಂಡೆ ಮರೆಯಲ್ಲಿ ಕೂತಿದ್ದ. (ಸಭೆಯಲ್ಲಿ ನಗು.) ನಗುತ್ತೀರಿ, ಆದರೆ ದ್ವೀಪಗಳಿಗೆ ಬೀಜ ಬರುವ ರಾಜಮಾರ್ಗವೇ ಅದು. ಹಕ್ಕಿಯ ಹೊಟ್ಟೆಯಲ್ಲಿ ಬಂದು ಹಿಕ್ಕೆಯಲ್ಲಿ ಬೀಳುತ್ತದೆ, ಗೊಬ್ಬರ ಸಮೇತ. ಸರ್ಟ್ಸೆಯಲ್ಲಿ 1965ರಲ್ಲಿ ಮೊದಲ ಗಿಡ ಕಂಡಿತು, ಅಲೆಯ ಮೇಲೆ ತೇಲಿ ಬಂದ ಬೀಜದ್ದು. ಆದರೆ ಹಸಿರು ಹರಡಿದ್ದು 1980ರ ದಶಕದಲ್ಲಿ ಕಡಲಕಾಗೆಗಳು ಗುಂಪಾಗಿ ಗೂಡು ಕಟ್ಟಿ, ಹಿಕ್ಕೆ ಹಾಕಿ, ಬರೀ ಬೂದಿಯನ್ನು ಮಣ್ಣು ಮಾಡಿದ ಮೇಲೆ. ಆ ಟೊಮೆಟೊ ಗಿಡವನ್ನು ಕಿತ್ತು ಹಾಕಿದರು. ಸರಿಯಾದ ಕೆಲಸ.

ಇಂಡೋನೇಷ್ಯಾದ ಜ್ವಾಲಾಮುಖಿ ದ್ವೀಪ ಕ್ರಕಟೋವಾದ ಕಥೆ ನಿಮಗೆ ಗೊತ್ತಿರುತ್ತದೆ. 1883ರ ಆಗಸ್ಟ್ 27ರ ಸ್ಫೋಟದ ಸದ್ದು ಸುಮಾರು 4,800 ಕಿಲೋಮೀಟರ್ ದೂರದ ರಾಡ್ರಿಗಸ್ ದ್ವೀಪದಲ್ಲಿ ಕೇಳಿಸಿತ್ತು. ಎದ್ದ ಅಲೆಗಳಿಗೆ 36,000ಕ್ಕೂ ಹೆಚ್ಚು ಜನ ಬಲಿಯಾದರು. ಉಳಿದ ತುಂಡು ದ್ವೀಪ ಬೆಂದು ಬೂದಿಯಡಿ ಹೂತಿತ್ತು. ಒಂಬತ್ತು ತಿಂಗಳ ಮೇಲೆ ಹೋದವರಿಗೆ ಅಲ್ಲಿ ಕಂಡ ಒಂದೇ ಒಂದು ಜೀವ ಒಂದು ಪುಟ್ಟ ಜೇಡ. ತಿನ್ನಲು ಒಂದು ನೊಣವೂ ಇಲ್ಲದ ದ್ವೀಪದಲ್ಲಿ ಅದು ಬಲೆ ನೇಯುತ್ತಿತ್ತು. ಮರಿಜೇಡಗಳು ನೂಲು ಬಿಟ್ಟು ಗಾಳಿಯಲ್ಲಿ ತೇಲಿಕೊಂಡು ಎಷ್ಟು ದೂರ ಬೇಕಾದರೂ ಹೋಗುತ್ತವೆ.

ಗಾಳಿಯಲ್ಲಿ ಜೇಡ, ಹಕ್ಕಿಯಲ್ಲಿ ಬೀಜ ಸರಿ. ಕಾಲಿರುವ ದೊಡ್ಡ ಪ್ರಾಣಿ? ಗಲಪಗೋಸ್ ಎಂಬ ಜ್ವಾಲಾಮುಖಿ ದ್ವೀಪಗಳ ಗುಂಪು ದಕ್ಷಿಣ ಅಮೆರಿಕದ ಈಕ್ವೆಡಾರ್ ಕರಾವಳಿಯಿಂದ ಸುಮಾರು ಸಾವಿರ ಕಿಲೋಮೀಟರ್ ಆಚೆ. ಅಲ್ಲಿ ಆಮೆ, ಓತಿ, ಹಾವು ಇವೆ. ತಾನಾಗಿ ಬಂದ ಕಪ್ಪೆ ಒಂದೂ ಇಲ್ಲ. ನೆಲದ ಸಸ್ತನಿಗಳಲ್ಲಿ ಇಲಿ, ಬಾವಲಿ ಅಷ್ಟೇ. ಹೊಳೆಯ ಪ್ರವಾಹದಲ್ಲಿ ಬುಡಮೇಲಾದ ಮರಗಳು ಬಳ್ಳಿ ಹೆಣೆದುಕೊಂಡು ಕಡಲಿಗೆ ತೇಲಿಬರುತ್ತವೆ. ಅದರ ಮೇಲೆ ಸಿಕ್ಕಿಬಿದ್ದ ಓತಿ ವಾರಗಟ್ಟಲೆ ನೀರು-ಆಹಾರ ಇಲ್ಲದೆ ಬದುಕುತ್ತದೆ, ಚರ್ಮ ಒಣಗಬಾರದ ಕಪ್ಪೆಗೆ ಉಪ್ಪುನೀರಿನಲ್ಲಿ ಅದು ಆಗದು. ಇದು ಬರೀ ಊಹೆ ಎನ್ನುವವರೂ ಇದ್ದರು. 1995ರಲ್ಲಿ ಕೆರಿಬಿಯನ್‌ನಲ್ಲಿ ಎರಡು ಚಂಡಮಾರುತಗಳ ನಂತರ ಹಸಿರು ಇಗುವಾನ ಎಂಬ ಜಾತಿಯ ಹದಿನೈದು ದೊಡ್ಡ ಓತಿಗಳು ಮರದ ದಿಮ್ಮಿಗಳ ರಾಶಿಯ ಮೇಲೆ ಕೂತು ಅಂಗ್ವಿಲ ದ್ವೀಪಕ್ಕೆ ಬಂದಿಳಿದವು. ಅಲ್ಲಿ ಆ ಜಾತಿ ಅದುವರೆಗೆ ಇರಲೇ ಇಲ್ಲ. ಮೀನುಗಾರರು ನೋಡಿದರು. ವಾದ ಮುಗಿಯಿತು.

ಹೀಗೆ ಬಂದ ಇಗುವಾನದ ಒಂದು ಸಂತತಿ ಗಲಪಗೋಸ್‌ನಲ್ಲಿ ಕಡಲಿಗೇ ಇಳಿದುಬಿಟ್ಟಿದೆ. ಕಪ್ಪು ಲಾವಾದ ಮೇಲೆ ಕಪ್ಪಗೆ ಬಿದ್ದುಕೊಂಡು ಮೈ ಕಾಯಿಸಿಕೊಳ್ಳುತ್ತದೆ, ತಣ್ಣನೆ ನೀರಿಗೆ ಧುಮುಕಿ ಬಂಡೆಗೆ ಉಗುರು ಊರಿ ಪಾಚಿ ಕೆರೆದು ತಿನ್ನುತ್ತದೆ, ಹೊರಬಂದು ಮೂಗಿನಿಂದ ಫುಸ್ ಎಂದು ಉಪ್ಪು ಸೀನುತ್ತದೆ. ಆ ಉಪ್ಪು ತಲೆಯ ಮೇಲೇ ಬಿದ್ದು ಬೆಳ್ಳಗೆ ಟೊಪ್ಪಿ ಹಾಕಿದಂತೆ ಕಾಣುತ್ತದೆ. ಎಲ್ ನಿನೊ ವರ್ಷದಲ್ಲಿ ನೀರು ಬಿಸಿಯಾಗಿ ಪಾಚಿ ಸತ್ತಾಗ ಇವು ಬಡಕಲಾಗುವುದಷ್ಟೇ ಅಲ್ಲ, ಉದ್ದದಲ್ಲೇ ಕುಗ್ಗುತ್ತವೆ. ಐದರಲ್ಲಿ ಒಂದು ಪಾಲಿನವರೆಗೆ ಕುಗ್ಗಿದ್ದನ್ನು ಅಳೆದಿದ್ದಾರೆ. ಪಾಚಿ ಮತ್ತೆ ಚಿಗುರಿದಾಗ ಮತ್ತೆ ಬೆಳೆಯುತ್ತವೆ.

ಡಾರ್ವಿನ್ 1835ರಲ್ಲಿ ಅಲ್ಲಿದ್ದದ್ದು ಐದು ವಾರ. ಅವನ ಹೆಸರು ಅಂಟಿಕೊಂಡಿರುವ ಫಿಂಚ್ ಹಕ್ಕಿಗಳ ನಿಜವಾದ ದಿನಚರಿ ಬರೆದವರು ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ. 1973ರಿಂದ ನಾಲ್ಕು ದಶಕ ಡ್ಯಾಫ್ನಿ ಮೇಜರ್ ಎಂಬ ಪುಟ್ಟ ಜ್ವಾಲಾಮುಖಿ ಗುಡ್ಡದ ಮೇಲೆ ಹೆಚ್ಚುಕಡಿಮೆ ಪ್ರತಿ ಹಕ್ಕಿಯ ಕಾಲಿಗೂ ಬಳೆ ತೊಡಿಸಿ, ಕೊಕ್ಕು ಅಳೆದರು. 1977ರಲ್ಲಿ ಮಳೆ ಕೈಕೊಟ್ಟಿತು. ಮೆತ್ತನೆಯ ಸಣ್ಣ ಬೀಜ ಬೇಗ ಖಾಲಿಯಾದವು. ಉಳಿದದ್ದರಲ್ಲಿ ಮುಖ್ಯವಾದದ್ದು ನೆಗ್ಗಿಲಿನ ಬಳಗದ ಒಂದು ಗಿಡದ ಕಾಯಿ. ನಮ್ಮ ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುವ ನೆಗ್ಗಿಲುಮುಳ್ಳು ಗೊತ್ತಲ್ಲ, ಅಂಥದ್ದೇ. ಅದನ್ನು ಒಡೆಯಲು ದಪ್ಪ ಕೊಕ್ಕು ಬೇಕು. ದಪ್ಪ ಅಂದರೆ ಎಷ್ಟು? ಒಂದು ಮಿಲಿಮೀಟರಿಗೂ ಕಡಿಮೆ ವ್ಯತ್ಯಾಸ. ಅಷ್ಟರಲ್ಲಿ ಬದುಕು-ಸಾವು ತೀರ್ಮಾನವಾಯಿತು. ಹೆಚ್ಚಿನ ಪಾಲು ಹಕ್ಕಿ ಸತ್ತವು, ಉಳಿದವುಗಳ ಮರಿಗಳ ಕೊಕ್ಕು ದಪ್ಪಗಿತ್ತು. 1983ರ ಭಾರಿ ಮಳೆಯ ನಂತರ ಸಣ್ಣ ಬೀಜ ಹೇರಳವಾದಾಗ ಗಾಳಿ ತಿರುಗಿತು, ಸಣ್ಣ ಕೊಕ್ಕಿನವಕ್ಕೆ ಕಾಲ ಬಂತು. ವಿಕಾಸ ಅಂದರೆ ಏಣಿ ಹತ್ತಿದ ಹಾಗೆ ಮೇಲೆ ಮೇಲೆ ಹೋಗುವುದು ಎಂದು ಶಾಲೆಯಲ್ಲಿ ಕಲಿತವರು ಈ ಗುಡ್ಡದ ಲೆಕ್ಕಪುಸ್ತಕ ಓದಬೇಕು.

ಈಗ ತಡವಾಗಿ ಬಂದವರ ವಿಷಯಕ್ಕೆ ಬರೋಣ. ಮೊದಲು ಬಂದವರಿಗೆ ಅಟ್ಟಿಸಿಕೊಂಡು ಬರುವ ಶತ್ರು ಇರಲಿಲ್ಲ. ಸಾವಿರಾರು ತಲೆಮಾರು ಹಾಗೇ ಕಳೆದಾಗ ಭಯ ಹೋಗುತ್ತದೆ, ಹಾರುವ ಶಕ್ತಿ ಹೋಗುತ್ತದೆ. ಮಾರಿಷಸ್‌ನ ಡೋಡೊ ಪಾರಿವಾಳದ ಸಂಬಂಧಿ. ಡಚ್ಚರು 1598ರಲ್ಲಿ ಅಲ್ಲಿಗೆ ಬಂದರು. ನೂರು ವರ್ಷದೊಳಗೆ ಅದು ಇಲ್ಲವಾಯಿತು. ಮನುಷ್ಯ ಕೊಂದು ತಿಂದದ್ದಕ್ಕಿಂತ ಹಡಗಿನ ಜೊತೆ ಬಂದ ಹಂದಿ, ಇಲಿ, ಕೋತಿಗಳು ನೆಲದ ಮೇಲಿನ ಮೊಟ್ಟೆ ತಿಂದದ್ದೇ ಹೆಚ್ಚು ಕೆಡುಕಾಯಿತು.

ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಗಾದೆಯ ಅರ್ಥ ನನಗೆ ಪೂರ್ತಿ ತಿಳಿದದ್ದು ಗಲಪಗೋಸ್‌ನ ಪಿಂಟಾ ದ್ವೀಪದ ಬಗ್ಗೆ ಓದಿದಾಗ. 1959ರಲ್ಲಿ ಮೀನುಗಾರರು ಅಲ್ಲಿ ಬಿಟ್ಟದ್ದು ಮೂರು ಆಡು, ಹೋಗಿ ಬರುವಾಗ ಮಾಂಸಕ್ಕಾಗಲಿ ಎಂದು. ಒಂದೆರಡು ದಶಕದಲ್ಲಿ ಅವು ಸಾವಿರಗಟ್ಟಲೆಯಾಗಿ ದ್ವೀಪವನ್ನು ಬೋಳು ಮಾಡಿದವು. ತಿಮಿಂಗಿಲ ಬೇಟೆಯ ಹಡಗಿನವರು ಅದಕ್ಕೂ ಮೊದಲೇ ಆಮೆಗಳನ್ನು ಹೊತ್ತೊಯ್ದಿದ್ದರು. ತಿಂಗಳುಗಟ್ಟಲೆ ನೀರಿಲ್ಲದೆ ಬದುಕುವ ಆಮೆ ಅವರಿಗೆ ಕೆಡದ ಮಾಂಸ. ಪಿಂಟಾದ ಕೊನೆಯ ಆಮೆ, 'ಒಂಟಿ ಜಾರ್ಜ್' ಎಂದು ಜಗತ್ತು ಕರೆದದ್ದು, 2012ರ ಜೂನ್ 24ರಂದು ಸತ್ತಿತು. ಪಕ್ಕದ ಇಸಬೆಲಾ ದ್ವೀಪದಲ್ಲಿ ಆಡುಗಳನ್ನು ತೆಗೆಯಲು ಹೆಲಿಕಾಪ್ಟರಿನಿಂದ ಗುಂಡು ಹಾರಿಸಬೇಕಾಯಿತು. ಕೊನೆಗೆ ಅಡಗಿ ಉಳಿದವನ್ನು ಹುಡುಕಲು ಆಡಿನ ಕೊರಳಿಗೇ ರೇಡಿಯೊ ಕಟ್ಟಿ ಬಿಟ್ಟರು. ಆಡಿಗೆ ಒಂಟಿಯಾಗಿರಲು ಆಗುವುದಿಲ್ಲ, ನೆಟ್ಟಗೆ ತನ್ನವರ ಬಳಿ ಹೋಗಿ ನಿಲ್ಲುತ್ತದೆ. ಕ್ರೂರ ಉಪಾಯ ಎಂದು ನಿಮಗನ್ನಿಸಬಹುದು. ನನಗೂ ಕೇಳಲು ಹಿತವಾಗಲಿಲ್ಲ, ಆದರೆ ಬೇರೆ ದಾರಿ ಯಾರೂ ತೋರಿಸಿಲ್ಲ.

ಹವಾಯಿಯಲ್ಲಿ ತಡವಾಗಿ ಬಂದದ್ದು ಸೊಳ್ಳೆ. ಆ ದ್ವೀಪಗಳಲ್ಲಿ ಸೊಳ್ಳೆಯೇ ಇರಲಿಲ್ಲ ಅಂದರೆ ಮೈಸೂರಿನವರಿಗೆ ಹೊಟ್ಟೆಕಿಚ್ಚಾಗಬೇಕು. 1826ರಲ್ಲಿ ಹಡಗಿನ ನೀರಿನ ಪೀಪಾಯಿಯಲ್ಲಿ ಮರಿಗಳು ಬಂದವು. ಆಮೇಲೆ ಹಕ್ಕಿಗಳ ಮಲೇರಿಯಾ. ಒಂದೇ ಮೂಲದಿಂದ ಐವತ್ತಕ್ಕೂ ಹೆಚ್ಚು ಬಗೆಯಾಗಿ ಕವಲೊಡೆದಿದ್ದ ಅಲ್ಲಿನ ಹನಿಕ್ರೀಪರ್ ಹಕ್ಕಿಗಳಲ್ಲಿ ಈಗ ಉಳಿದಿರುವುದು 17. ಅವೂ ಬಹುಪಾಲು ಸೊಳ್ಳೆಗೆ ಚಳಿಯಾಗುವಷ್ಟು ಎತ್ತರದ ಜ್ವಾಲಾಮುಖಿ ಇಳಿಜಾರಿನಲ್ಲಿ. ಭೂಮಿ ಬಿಸಿಯಾದಂತೆ ಸೊಳ್ಳೆ ಮೇಲೆ ಹತ್ತುತ್ತಿದೆ, ಹಕ್ಕಿಗೆ ಬೆಟ್ಟ ಮುಗಿಯುತ್ತಿದೆ. ಈಗ ಅಲ್ಲಿ ಪ್ರಯೋಗಾಲಯದಲ್ಲಿ ಇದಕ್ಕೆಂದೇ ಬೆಳೆಸಿದ ಗಂಡು ಸೊಳ್ಳೆಗಳನ್ನೇ ಹೆಲಿಕಾಪ್ಟರಿನಿಂದ ಬಿಡುತ್ತಿದ್ದಾರೆ. ಗಂಡು ಕಚ್ಚುವುದಿಲ್ಲ, ಇವುಗಳ ಜೊತೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ.

ಮನುಷ್ಯರೂ ಇಂಥ ಕಡೆ ಬದುಕಿದ್ದಾರೆ. ದಕ್ಷಿಣ ಅಟ್ಲಾಂಟಿಕ್‌ನ ಟ್ರಿಸ್ಟನ್ ಡ ಕುನ್ಹಾಗೆ ಹತ್ತಿರದ ಊರು 2,400 ಕಿಲೋಮೀಟರ್ ದೂರ. ವಿಮಾನ ನಿಲ್ದಾಣ ಇಲ್ಲ, ಕೇಪ್‌ಟೌನಿನಿಂದ ಹಡಗಿನಲ್ಲಿ ವಾರದ ಹಾದಿ. 1961ರಲ್ಲಿ ಊರಿನ ಪಕ್ಕದಲ್ಲೇ ಜ್ವಾಲಾಮುಖಿ ಬಾಯಿ ತೆರೆಯಿತು. ಇದ್ದ 264 ಜನರನ್ನೂ ಇಂಗ್ಲೆಂಡಿಗೆ ಸಾಗಿಸಿದರು. ಅಲ್ಲಿ ಮನೆ, ಕೆಲಸ, ಟಿವಿ ಎಲ್ಲ ಸಿಕ್ಕಿತು. ವಾಪಸ್ ಹೋಗಬೇಕೋ ಬೇಡವೋ ಎಂದು ಮತ ಹಾಕಿದಾಗ ಹೋಗೋಣ ಎಂದವರು 148, ಬೇಡ ಎಂದವರು ಐದೇ ಐದು. 1963ರಲ್ಲಿ ಹೋಗಿ ತಮ್ಮ ಆಲೂಗಡ್ಡೆ ಹೊಲ ಮತ್ತೆ ಅಗೆದರು.

ಕೊನೆಗೆ ನಮ್ಮದೇ ಎರಡು ದ್ವೀಪ. ಅಂಡಮಾನಿನ ಬ್ಯಾರನ್ ದ್ವೀಪ ಭಾರತದ ಏಕೈಕ ಜೀವಂತ ಜ್ವಾಲಾಮುಖಿ. ಪೋರ್ಟ್ ಬ್ಲೇರಿನಿಂದ, 2024ರಿಂದ ಅದರ ಹೆಸರು ಶ್ರೀ ವಿಜಯಪುರಂ, ಸುಮಾರು 140 ಕಿಲೋಮೀಟರ್. ಇದು ರಿಯೂನಿಯನ್ ತರಹದ್ದಲ್ಲ. ಇಲ್ಲಿ ಭಾರತದ ಫಲಕ ಪಕ್ಕದ ಬರ್ಮಾ ಫಲಕದ ಕೆಳಗೆ ನುಗ್ಗುತ್ತದೆ, ಆಳದಲ್ಲಿ ಕಲ್ಲು ಕರಗಿ ಮೇಲೆ ಬರುತ್ತದೆ. ನೀರಿನ ಮೇಲೆ ಕಾಣುವುದು ಸುಮಾರು 350 ಮೀಟರ್, ಊರಿನಿಂದ ಚಾಮುಂಡಿ ಬೆಟ್ಟ ಕಾಣುವ ಎತ್ತರಕ್ಕಿಂತ ಸ್ವಲ್ಪ ಹೆಚ್ಚು. ನೀರಿನ ಕೆಳಗೆ ಇನ್ನೂ ಎರಡು ಸಾವಿರ ಮೀಟರಿಗೂ ಮಿಕ್ಕಿದೆ. 1787ರಿಂದ ಉಕ್ಕಿದ ದಾಖಲೆ ಇದೆ. 1832ರ ನಂತರ ತಣ್ಣಗಾಗಿ, ಒಂದೂವರೆ ಶತಮಾನ ಸುಮ್ಮನಿದ್ದು, 1991ರಲ್ಲಿ ಎದ್ದಿತು. ಅಲ್ಲಿಂದೀಚೆಗೆ ಆಗಾಗ ಬೂದಿ ಕಾರುತ್ತಲೇ ಇದೆ. ಅಲ್ಲೂ ಆಡುಗಳಿವೆ, ಕೇಳಬೇಡಿ.

ನನಗೆ ಅದಕ್ಕಿಂತ ಪ್ರೀತಿ ನಾರ್ಕೊಂಡಂ ಮೇಲೆ. ಉತ್ತರ ಅಂಡಮಾನಿನಿಂದ ಪೂರ್ವಕ್ಕೆ ನೂರು ಕಿಲೋಮೀಟರಿಗೂ ಆಚೆ, ಆರಿದ ಜ್ವಾಲಾಮುಖಿ. ಏಳು ಚದರ ಕಿಲೋಮೀಟರೂ ಇಲ್ಲ, ಎತ್ತರ 710 ಮೀಟರ್, ಬುಡದಿಂದ ತುದಿಯವರೆಗೆ ದಟ್ಟ ಕಾಡು. ಅಲ್ಲಿ ಒಂದು ಹಾರ್ನ್‌ಬಿಲ್, ನಮ್ಮಲ್ಲಿ ಮಂಗಟ್ಟೆ ಅನ್ನುತ್ತಾರಲ್ಲ ಆ ಕುಲದ್ದು, ಇಡೀ ಭೂಮಿಯ ಮೇಲೆ ಅಲ್ಲಿ ಮಾತ್ರ ಇದೆ. ಅಂಡಮಾನಿನ ದೊಡ್ಡ ದ್ವೀಪಗಳಲ್ಲಿ ಯಾವ ಮಂಗಟ್ಟೆಯೂ ಇಲ್ಲ. ಗಂಡಿನ ತಲೆ-ಕತ್ತು ಕೆಂಗಂದು, ಹೆಣ್ಣು ಪೂರ್ತಿ ಕಪ್ಪು, ಇಬ್ಬರಿಗೂ ಬಾಲ ಬಿಳಿ. ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಹೋಗಿ ಬಾಗಿಲನ್ನು ಮೆತ್ತಿ ಮುಚ್ಚಿಕೊಂಡು, ಕೊಕ್ಕಿನಷ್ಟೇ ಸಂದು ಬಿಡುತ್ತಾಳೆ. ತಿಂಗಳುಗಟ್ಟಲೆ ಅವಳಿಗೂ ಮರಿಗೂ ಗಂಡು ಹಣ್ಣು ತಂದು ಆ ಸಂದಿನಲ್ಲಿ ಕೊಡಬೇಕು. ಮುಖ್ಯವಾಗಿ ಅತ್ತಿ, ಆಲದ ಬಳಗದ ಹಣ್ಣುಗಳು. ಗಂಡು ಸತ್ತರೆ ಸಂಸಾರವೇ ಹೋದ ಹಾಗೆ. ತಿಂದ ಹಣ್ಣಿನ ಬೀಜವನ್ನು ದ್ವೀಪದ ತುಂಬ ಉದುರಿಸುವುದೂ ಇದೇ ಹಕ್ಕಿ. ಕಾಡು ಹಕ್ಕಿಯನ್ನು ಸಾಕುತ್ತದೆ, ಹಕ್ಕಿ ಕಾಡನ್ನು ನೆಡುತ್ತದೆ.

ಅಲ್ಲಿ ಒಂದು ಪೊಲೀಸ್ ಠಾಣೆ ಇದೆ. ಹಿಂದೆ ಅವರ ಊಟಕ್ಕೆಂದು ಆಡು ತಂದು ಬಿಟ್ಟರು. ಸಸಿ ಮೇಲೇಳದ ಹಾಗಾಯಿತು. ಆಮೇಲೆ ಆಡುಗಳನ್ನು ತೆಗೆದರು. ಕರಾವಳಿ ಕಾವಲು ಪಡೆಯ ರೇಡಾರ್ ಯೋಜನೆಯನ್ನು ಪರಿಸರ ಸಚಿವಾಲಯ 2012ರಲ್ಲಿ ಈ ಹಕ್ಕಿಯ ಕಾರಣಕ್ಕೆ ನಿರಾಕರಿಸಿತು, 2014ರಲ್ಲಿ ಒಪ್ಪಿಗೆ ಕೊಟ್ಟಿತು. ಗಡಿ ಕಾಯಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಕಾವಲಿಗೆ ಹೋದವರ ಹಡಗಿನಿಂದ ಇಲಿ ಇಳಿಯದಂತೆ ನೋಡಿಕೊಳ್ಳುವುದೂ ಕಾವಲೇ.

ಪ್ರಶ್ನೆಗಳಲ್ಲಿ ಎರಡು. ಎರಡನೇ ಸಾಲಿನ ಕಾಲೇಜು ಹುಡುಗಿ ಕೇಳಿದಳು: "ಸಾರ್, ಹೊಸದಾಗಿ ಬರುವ ಜೀವಿಯನ್ನು ನಾವು ಯಾಕೆ ತಡೆಯಬೇಕು? ಇಗುವಾನ ತೇಲಿ ಬಂದಾಗ ಯಾರೂ ತಡೆಯಲಿಲ್ಲವಲ್ಲ?"

ಒಳ್ಳೆಯ ಪ್ರಶ್ನೆ ಕಣಮ್ಮ. ಲೆಕ್ಕ ವೇಗದ್ದು. ತೇಲಿ ಬಂದು ಬೇರೂರುವುದು ಸಾವಿರಾರು ವರ್ಷಕ್ಕೊಮ್ಮೆ ಆಗುವ ಮಾತು. ಅಷ್ಟರಲ್ಲಿ ಇದ್ದವರು ಹೊಂದಿಕೊಳ್ಳಲು ಕಾಲ ಸಿಗುತ್ತದೆ. ಹಡಗು, ವಿಮಾನ ವಾರಕ್ಕೊಮ್ಮೆ ಬರುತ್ತವೆ, ಒಂದೊಂದು ಸಲಕ್ಕೆ ಹತ್ತು ಜಾತಿ ಇಳಿಸಿ ಹೋಗುತ್ತವೆ.

ಮಂಡ್ಯದಿಂದ ಬಂದಿದ್ದ ಹಿರಿಯರೊಬ್ಬರು ಎದ್ದು, "ಇಷ್ಟೆಲ್ಲ ಹೇಳಿದ್ರಿ ಸ್ವಾಮಿ, ನಾವು ನೋಡೋ ಅಂಥದ್ದು ಯಾವುದು?" ಎಂದರು. ಬ್ಯಾರನ್ ದ್ವೀಪವನ್ನು ಅನುಮತಿ ಪಡೆದ ಹಡಗಿನಿಂದ ದೂರದಲ್ಲೇ ನೋಡಬಹುದು, ಇಳಿಯುವಂತಿಲ್ಲ, ಇಳಿಯಲೂಬಾರದು. ಸುಲಭವಾದದ್ದು ಬೇಕಾದರೆ ಮಲ್ಪೆಗೆ ಹೋಗಿ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಸುಮಾರು 8.8 ಕೋಟಿ ವರ್ಷ ಹಿಂದೆ ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುತ್ತಿದ್ದಾಗ ಹರಿದ ಲಾವಾ ಅದು. ಆರಿ ಕುಗ್ಗುವಾಗ ಬಿರುಕು ಬಿಟ್ಟು ಕಂಬಗಳಾಗಿ ನಿಂತಿದೆ. ಕಂಬದ ತಲೆಯ ಮೂಲೆಗಳನ್ನು ಮೊಮ್ಮಕ್ಕಳಿಂದ ಎಣಿಸಿ: ಆರು ಹೆಚ್ಚು, ಐದು ಏಳೂ ಸಿಗುತ್ತವೆ. ಅದೇ ಕಾಲದ ಲಾವಾ ಕಡಲಾಚೆ ಮಡಗಾಸ್ಕರಿನಲ್ಲೂ ಇದೆ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ದಸರಾ ಗಲಾಟೆ ಮುಗಿಸಿಕೊಂಡು ಹೊರಡಿ.